ದರೋಗಾನ ಬಾಗಿಲ ಹಾಸುಗಲ್ಲು

ಹಳೆಯದನ್ನು ಮರೆತುಬಿಡು ಎಂದು ಬುದ್ಧಿ ಹೇಳುವವರು ನನ್ನ ಮನೆಗೂ ಬರುತ್ತಾರೆ. ಚಹಾ ಕುಡಿಸಿ ಕಳಿಸುತ್ತೇನೆ. ಆ ದರೋಗಾನ ಕಾಲು ಮುರಿದ ದಿನ ನೆನಪಾದರೆ ನನಗೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ಅಪ್ಪ, ಅವ್ವ, ಹೊಸದಾಗಿ ಮದುವೆಯಾಗಿದ್ದ ನಾನು, ಮೂವರೂ ರಾಯಚೂರಿನ ಬಲ್ದಿಯಾದಲ್ಲಿ, ಅಂದರೆ ಪುರಸಭೆಯಲ್ಲಿ, ಕೂಲಿ. ಮಳೆಗಾಲಕ್ಕೆ ಮುಂಚೆ ಪೇಟೆಯಲ್ಲಿ ಗಟಾರದ ಪಕ್ಕ ಜನ ನಡೆಯುವ ಹಾಸುಗಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ನಮ್ಮ ಕೆಲಸ. ಅವ್ವ ಬರಿಗಾಲಲ್ಲಿ ಹಿಮ್ಮಡಿ ಊರಿ ನಡೆಯುವಳು. ಕೆಳಗಿನ ಮಣ್ಣು ಜಾರಿ ಪೊಳ್ಳಾದ ಕಲ್ಲು ಅವಳ ಹಿಮ್ಮಡಿಗೆ ತಿಳಿಯುತ್ತಿತ್ತು. ಅಪ್ಪ ಹಾರೆ ಹಾಕಿ ಆ ಕಲ್ಲೆಬ್ಬಿಸಿ, ನಾನು ಹೊತ್ತು ತಂದ ಗರಸು ಮಣ್ಣು ಸುರಿದು, ಬಡಿದು, ಮತ್ತೆ ಕೂರಿಸುವನು. ಮಳೆಗೆ ಮುಂಚೆ ಒಂದು ಬುಟ್ಟಿ ಗರಸು, ಮಳೆ ಬಂದ ಮೇಲೆ ಒಂದು ಗಾಡಿ ಎನ್ನುತ್ತಿದ್ದ.

ನಮ್ಮ ಮೇಲ್ವಿಚಾರಕನಾಗಿದ್ದ ದರೋಗಾನಿಗೆ ಯಾವಾಗಲೂ ಅವಸರ. ಒಂದು ವರ್ಷ ಕಾಳಿನ ಅಂಗಡಿಗಳ ಮುಂದೆ ಪೊಳ್ಳು ಕಲ್ಲು ಸಿಕ್ಕಾಗ ಅಪ್ಪ ಗರಸು ಕೇಳಿದ. "ಮ್ಯಾಲ ಸುಣ್ಣ ಸವರು, ಸಾಕು," ಅಂದ ದರೋಗಾ. ಮೊದಲ ಮಳೆಗೇ ಕಲ್ಲು ಮಗುಚಿ ಹಮಾಲನೊಬ್ಬ ಚೀಲದ ಸಮೇತ ಗಟಾರಕ್ಕೆ ಬಿದ್ದ. ಮೇಲಿನವರು ವಿಚಾರಣೆಗೆ ಬಂದಾಗ, ಅಪ್ಪನನ್ನು ತೋರಿಸಿ, ಇವನು ಕುಡಿದು ಕೆಲಸ ಮಾಡುತ್ತಾನೆ ಎಂದುಬಿಟ್ಟ ದರೋಗಾ. ಅಪ್ಪ ಸೇಂದಿಯ ವಾಸನೆಗೇ ಮುಖ ತಿರುಗಿಸುವವನು. ಆದರೆ ಸುಣ್ಣ ಸಾಕೆಂದ ಮಾತು ಕೇಳಿಸಿಕೊಂಡಿದ್ದವರು ಅವ್ವ, ನಾನು ಇಬ್ಬರೇ, ನಮ್ಮ ಸಾಕ್ಷಿ ಯಾರಿಗೂ ಬೇಕಿರಲಿಲ್ಲ. ಅಪ್ಪನ ಕೆಲಸ ಹೋಯಿತು. ಮಾನ್ವಿ ರಸ್ತೆಗೆ ಜಲ್ಲಿ ಒಡೆಯಲು ಹೋದವನು ಕೆಮ್ಮು ಹತ್ತಿಸಿಕೊಂಡು ಬಂದ, ಮರುವರ್ಷ ಸತ್ತ. ಪೇಟೆಯಲ್ಲಿ ಅವನನ್ನು ಕುಡುಕನೆಂದೇ ನೆನೆಯುತ್ತಿದ್ದರು. ಆ ಹೆಸರು ಅಳಿಸಬೇಕು ಎನ್ನುವುದೊಂದೇ ಅವ್ವನಿಗೂ ನನಗೂ ಉಳಿದ ಹಟ.

ದರೋಗಾನ ಮನೆ ಮುಂದಿನ ಕಲ್ಲುಗಳನ್ನು ಮಾತ್ರ ನಾವು ಎಂದೂ ಪರೀಕ್ಷಿಸಿರಲಿಲ್ಲ. ನಮ್ಮ ಕೇರಿಯವರ ಕಾಲು ಅಲ್ಲಿ ಬೀಳಬಾರದು. ಪ್ರತಿ ವರ್ಷವೂ ಅಲ್ಲಿಗೆ ಬಂದಾಗ ಬೀದಿಗಿಳಿದು, ಸುತ್ತು ಹಾಕಿ, ಆಚೆ ಹತ್ತುತ್ತಿದ್ದೆವು. ಅಪ್ಪ ಸತ್ತ ವರ್ಷ ಪಕ್ಕದ ಮನೆಯ ಮುಂದೆ ಕಲ್ಲು ಕುಸಿಯಿತು. ದರೋಗಾನಿಗೂ ಅಂಜಿಕೆ ಹತ್ತಿ, ತನ್ನ ಬಾಗಿಲ ಕಲ್ಲು ನೋಡಲು ಅವ್ವನಿಗೆ ಹೇಳಿ ಕಳಿಸಿದ.

ಪೊಳ್ಳಿದ್ದರೂ ಗಟ್ಟಿ ಅನ್ನು ಎಂದು ನಾನು ಅವಳ ಕಿವಿಯಲ್ಲಿ ಹೇಳಿದೆ. "ಕಲ್ಲಿನ ಮಾತಿನ್ಯಾಗ ನಾ ಸುಳ್ಳಾಡಂಗಿಲ್ಲ," ಅಂದಳು. ನನಗೆ ಅವಳ ಮೇಲೇ ಸಿಟ್ಟು ಬಂತು. ಸಂತೆಯ ದಿನ, ಬೀದಿ ತುಂಬ ಜನ ಇರುವ ಹೊತ್ತಿಗೇ ಹೋದಳು. ಬಾಗಿಲ ಎದುರಿನ ಕಲ್ಲಿಗೆ ಹಿಮ್ಮಡಿ ಊರಿ, ಎಂದೂ ಇಲ್ಲದ ದೊಡ್ಡ ದನಿಯಲ್ಲಿ, "ಪೊಳ್ಳಾಗ್ಯದ್ರೀ ಸಾಹೇಬ್ರ. ಎಬ್ಬಿಸಿ ಒಂದು ಬುಟ್ಟಿ ಗರಸು ಹಾಕಬೇಕ್ರೀ," ಅಂದಳು.

ಎಬ್ಬಿಸುವುದೆಂದರೆ ನಾವೆಲ್ಲ ಅರ್ಧ ದಿನ ಅವನ ಬಾಗಿಲಲ್ಲಿ ಕೂರಬೇಕು. "ಮ್ಯಾಲ ಸುಣ್ಣ ಸವರು, ಸಾಕು," ಅಂದ.

"ಸುಣ್ಣ ಸಾಕೇನ್ರೀ?" ಅವ್ವ ಇನ್ನೂ ಗಟ್ಟಿಯಾಗಿ ಕೇಳಿದಳು. ಅಂಗಡಿಯವರೆಲ್ಲ ತಿರುಗಿ ನೋಡಿದರು.

"ಸಾಕಂದ್ರ ಸಾಕು," ಎಂದು ಅವನೂ ಅಷ್ಟೇ ಗಟ್ಟಿಯಾಗಿ ರೇಗಿದ. ಅವ್ವ ಯಾಕೆ ಸಂತೆಯ ದಿನ ಆರಿಸಿದಳೆಂದು ನನಗೆ ಆಗ ತಿಳಿಯಿತು.

ಸುಣ್ಣ ಸವರಿ ನಾವು ಇಳಿದದ್ದೇ ತಡ, ಅವನ ಹೆಂಡತಿ ಮೈಲಿಗೆ ತೊಳೆಯಲು ಕೊಡಗಟ್ಟಲೆ ನೀರು ಸುರಿದಳು. ಹಸಿ ಸುಣ್ಣ ಕೊಚ್ಚಿಹೋಯಿತು. ನೀರು ಸಂದಿಗಿಳಿದು, ಕಲ್ಲಿನಡಿ ಉಳಿದಿದ್ದ ಮಣ್ಣೂ ಗಟಾರಕ್ಕೆ ಹರಿಯಿತು. ನಾನು ನೋಡುತ್ತ ನಿಂತೆ, ಬಾಯಿ ಬಿಡಲಿಲ್ಲ.

ಮೂರನೆಯ ದಿನ ಕಲ್ಲು ಮಗುಚಿ ದರೋಗಾನ ಮೊಣಕಾಲು ಮುರಿಯಿತು. ಹಾಸಿಗೆಯಲ್ಲಿ ಬಿದ್ದುಕೊಂಡೇ ಅವ್ವನ ಮೇಲೆ ದೂರು ಬರೆಸಿದ. ಮೇಲಿನವರು ಬಂದರು. ಈ ಸಲ ಕಾಳಿನ ಅಂಗಡಿಯ ಸಾಹುಕಾರನೇ ಮುಂದೆ ಬಂದು, "ಆಕಿ ಗರಸು ಕೇಳಿದ್ಲರೀ. ಇವ್ರ ಸುಣ್ಣ ಸಾಕಂದ್ರು," ಅಂದ.

"ನನ್ನ ಗಂಡಗೂ ಇವ್ರು ಹಿಂಗ ಅಂದಿದ್ರರೀ," ಅಂದಳು ಅವ್ವ. "ಅವ ಕುಡೀತಿದ್ದಿಲ್ಲ."

ಮೇಲಿನವರು ಅದನ್ನೂ ಬರೆದುಕೊಂಡರು. ಕಲ್ಲು ಎಬ್ಬಿಸಿ ಕೂರಿಸಿರೆಂದು ನಮಗೇ ಹೇಳಿ ಹೋದರು. ಅರ್ಧ ದಿನದ ಕೆಲಸವನ್ನು ನಾವು ಇಡೀ ದಿನ ಮಾಡಿದೆವು. ಅವನು ಒಳಗಿನಿಂದ ನೋಡುತ್ತ ಮಲಗಿದ್ದ. ಅಪ್ಪ ಕೇಳಿದ್ದ ಆ ಒಂದು ಬುಟ್ಟಿ ಗರಸನ್ನು ನಾನೇ ಹೊತ್ತು ತಂದು ಅವನ ಕಣ್ಣೆದುರೇ ಸುರಿದೆ. ನಾವು ಇಳಿದು ಹೋಗುವಾಗ ಯಾರೂ ನೀರಿನ ಕೊಡ ತರಲಿಲ್ಲ.