ಮೊಲದ ಆಪರೇಷನ್‌ಗೆ ಹೂಂ ಅಂದವನು ನಾನೇ

ನಮ್ಮ ಮನೆಯ ಮೊಲಕ್ಕೆ ಗರ್ಭಕೋಶ ತೆಗೆಯುವ ಆಪರೇಷನ್ ಮಾಡಿಸಿದವನು ನಾನೇ. ಯಾರ ಬಲವಂತಕ್ಕೂ ಅಲ್ಲ. ಜಡಿಗೇನಹಳ್ಳಿ ಕಡೆಯ ನಮ್ಮ ಬೀದಿಯಲ್ಲಿ ಕೆಲವರು ಈಗಲೂ ನನ್ನನ್ನು ಕಂಡರೆ ತಲೆಯ ಮೇಲೆ ಎರಡು ಬೆರಳು ಎತ್ತಿ ಮೊಲದ ಕಿವಿ ಮಾಡಿ ತೋರಿಸುತ್ತಾರೆ. ತೋರಿಸಲಿ. ಅವರ ಬೋರ್‌ವೆಲ್ ಮೋಟರ್ ಸುಟ್ಟ ದಿನ ಅದೇ ಬೆರಳಲ್ಲಿ ನನ್ನ ನಂಬರ್ ಒತ್ತುತ್ತಾರೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೋಟರ್‌ಗೆ ತಾಮ್ರದ ತಂತಿ ಸುತ್ತುವುದನ್ನು ಕಲಿತೆ, ಸ್ವಂತ ಅಂಗಡಿ ಇಟ್ಟೆ, ಯಾರ ಮುಂದೆಯೂ ಕೈಕಟ್ಟಿ ನಿಲ್ಲದೆ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದೆ. ಮನೆಯಲ್ಲಿ ಈಗ ನಾನು, ನನ್ನ ಹೆಂಡತಿ, ಅಮ್ಮ. ಮೊಲ ಬಂದದ್ದೂ ಕೆಲಸದ ದೆಸೆಯಿಂದಲೇ. ಹೊಸಕೋಟೆಯ ಒಂದು ಬಾಡಿಗೆ ಮನೆಯಲ್ಲಿ ಸಂಪಿನ ಮೋಟರ್ ಬಿಚ್ಚಲು ಹೋಗಿದ್ದೆ. ಮನೆ ಖಾಲಿ ಮಾಡಿಕೊಂಡು ಹೋದವರು ರಟ್ಟಿನ ಡಬ್ಬದಲ್ಲಿ ಅದನ್ನು ಬಿಟ್ಟು ಹೋಗಿದ್ದರು. ಒಂದು ಹಿಡಿಯಷ್ಟಿತ್ತು. ಬೂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಟೂಲ್ ಬ್ಯಾಗಿನ ಮೇಲೆ ಕೂರಿಸಿಕೊಂಡು ಬಂದೆ.

ವರ್ಷ ತುಂಬುತ್ತಿದ್ದಂತೆ ಅದರ ಗುಣ ಕೆಟ್ಟಿತು. ಕೈ ಹಾಕಿದರೆ ಗುರ್ ಅನ್ನುತ್ತಿತ್ತು, ಕಚ್ಚುತ್ತಿತ್ತು. ತನ್ನ ಎದೆಯ ಕೂದಲನ್ನು ತಾನೇ ಬಾಯಲ್ಲಿ ಕಿತ್ತು, ಹುಲ್ಲಿನ ಜೊತೆ ಸೇರಿಸಿ ಮೂಲೆಯಲ್ಲಿ ಗೂಡು ಕಟ್ಟಿತು. ಅಮ್ಮನಿಗೆ ಸಂಭ್ರಮ. "ಬಸುರಿ ಕಣೋ ಇವಳು!" ಗಂಡು ಮೊಲದ ಮುಖವನ್ನೇ ನೋಡದ್ದು ಬಸುರಿ ಹೇಗಾಗುತ್ತದೆ? ನಮ್ಮ ಕಡೆ ಹಸು ನೋಡುವ ಡಾಕ್ಟರು, ಮೊಲ ತಮ್ಮ ಕೆಲಸವಲ್ಲ ಎಂದು ನೇರವಾಗಿ ಹೇಳಿ ಬೆಂಗಳೂರಿನ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದರು.

ಆಕೆ ಹೊಟ್ಟೆ ಮುಟ್ಟಿ ನೋಡಿದರು. "ಬಸುರಿ ಅಲ್ಲ. ಬಸುರಿ ಅಂತ ಅಂದ್ಕೊಂಡಿದಾಳೆ. ಇದು ಮತ್ತೆ ಮತ್ತೆ ಆಗುತ್ತೆ. ಹೆಣ್ಣು ಮೊಲಗಳಿಗೆ ವಯಸ್ಸಾಗ್ತಾ ಗರ್ಭಕೋಶದಲ್ಲಿ ಗಡ್ಡೆ ಆಗೋದೂ ಜಾಸ್ತಿ. ತೆಗ್ಸೋದು ಒಳ್ಳೇದು."

"ಮತ್ತಿನ ಇಂಜೆಕ್ಷನ್ ಕೊಟ್ರೆ ಮತ್ತೆ ಎದ್ದೇಳುತ್ತಾ ಮೇಡಂ?"

"ನೂರಕ್ಕೆ ನೂರು ಅಂತ ಹೇಳಕ್ಕಾಗಲ್ಲ. ಚಿಕ್ಕ ಜೀವ."

ಆ ಮಾತಿಗೇ ನಾನು ಆಕೆಯನ್ನು ನಂಬಿದ್ದು. ಸುಟ್ಟ ಮೋಟರ್ ತಂದ ರೈತನಿಗೆ ನಾನೂ ನೂರಕ್ಕೆ ನೂರು ಅಂತ ಹೇಳುವುದಿಲ್ಲ. ಹಾಗೆ ಹೇಳುವವನು ಕೆಲಸ ಗೊತ್ತಿಲ್ಲದವನು. ಆದರೆ ನನ್ನ ಮೋಟರ್ ಟೇಬಲ್ಲಿನ ಮೇಲೆ ಸಾಯುವುದಿಲ್ಲ. ಇದು ಸಾಯಬಹುದು. ತೀರ್ಮಾನ ಮಾಡಬೇಕಾದವನು ನಾನು.

ಮನೆಯಲ್ಲಿ ಪಂಚಾಯ್ತಿ ಕೂತಿತು. ಅಮ್ಮ ಕಣ್ಣೊರೆಸಿಕೊಂಡಳು. "ಹೆಣ್ಣು ಜೀವ ಕಣೋ. ಒಂದೇ ಒಂದು ಸಲ ಮರಿ ಹಾಕ್ಲಿ, ಆಮೇಲೆ ಏನಾದ್ರೂ ಮಾಡ್ಕೋ. ಮಡಿಲು ತುಂಬೋಕ್ ಮುಂಚೆ ಕುಯ್ಸಿದ್ರೆ ಪಾಪ ಸುತ್ಕೊಳುತ್ತೆ."

ಸೊಪ್ಪು ಬಿಡಿಸುತ್ತಿದ್ದ ನನ್ನ ಹೆಂಡತಿ ತಲೆ ಎತ್ತಲಿಲ್ಲ. "ಅತ್ತೆ, ನನ್ನ ಆಪರೇಷನ್‌ಗೆ ಕಳಿಸ್ದಾಗ ಈ ಪಾಪ ಎಲ್ಲಿಗೋಗಿತ್ತು?"

"ನೀನು ಎರಡು ಹೆತ್ತಿದ್ದೆ ಕಣಮ್ಮ."

"ಇದು ಒಂದ್ಸಲಕ್ಕೇ ಎಂಟು ಹಾಕುತ್ತೆ. ಸಾಕೋರು ಯಾರು? ನೀವಾ?"

ಸಾಕಲು ಒಬ್ಬರು ತಯಾರಿದ್ದರು: ನನ್ನ ಅಕ್ಕನ ಗಂಡ. ಅವರದು ಕೋಳಿ ಅಂಗಡಿ. "ಗಂಡು ಮೊಲ ನಾನ್ ತಂದ್ಕೊಡ್ತೀನಿ ಬಾಮೈದ. ಮರಿ ನನಗೆ ಬಿಡು. ಹೈವೇ ಹೋಟ್ಲೋರು ಕೇಳ್ತಾವ್ರೆ."

"ಸಾರಿಗೆ ಹಾಕೋಕೆ ಮರಿ ಮಾಡಿಸ್ಬೇಕಾ ಭಾವ?"

"ಮತ್ತೇನು, ಕಾಲೇಜಿಗೆ ಹೋಗ್ತವಾ? ನೀನೇ ಹೋಗ್ಲಿಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಅವರ ಎದುರಿಗೇ ಫೋನ್ ತೆಗೆದು ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಂಡೆ.

ಆ ಬೆಳಿಗ್ಗೆ ಟೊಮೆಟೊ ಕ್ರೇಟಿನಲ್ಲಿ ಗೋಣಿಚೀಲ ಹಾಸಿ, ಮೊಲವನ್ನು ಕೂರಿಸಿ, ಮೇಲೆ ಇನ್ನೊಂದು ಕ್ರೇಟು ಕವುಚಿ ತಂತಿ ಬಿಗಿದೆ. ಬಸ್ಸಿನಲ್ಲಿ ಕಂಡಕ್ಟರ್ ಬಗ್ಗಿ ನೋಡಿದ. "ಏನಣ್ಣ, ಯಾರ ಮನೆ ಊಟಕ್ಕೆ?"

"ಊಟಕ್ಕಲ್ಲ, ಆಸ್ಪತ್ರೆಗೆ."

"ಮೊಲಾನಾ?" ಅವನು ಬಸ್ಸಿಗೆಲ್ಲ ಕೇಳುವಂತೆ ನಕ್ಕ. "ನಮ್ಮಪ್ಪನ್ನೇ ಇನ್ನೂ ತೋರಿಸಿಲ್ಲ ನಾನು."

"ಮೊದ್ಲು ತೋರ್ಸಪ್ಪ" ಅಂದೆ. ಮುಂದಿನ ಸ್ಟಾಪಿನವರೆಗೆ ಅವನು ನನ್ನ ಕಡೆ ಬರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಬೆಳಿಗ್ಗೆ ಏನು ತಿಂದಿತು ಎಂದು ಕೇಳಿದರು. ನಾನು ಎದೆಯುಬ್ಬಿಸಿ ಹೇಳಿದೆ, "ನಿನ್ನೆ ರಾತ್ರಿಯಿಂದ ಒಂದು ಎಲೇನೂ ಕೊಟ್ಟಿಲ್ಲ ಮೇಡಂ." ಆಪರೇಷನ್ ಅಂದಮೇಲೆ ಬರೀ ಹೊಟ್ಟೆ, ಅದನ್ನೂ ಕೇಳಿ ತಿಳಿಯಬೇಕೇ? ನಮ್ಮ ಮನೆಯ ಮೂವರೂ ಒಪ್ಪಿದ ಒಂದೇ ವಿಷಯ ಅದು. ಹುಲ್ಲನ್ನು ಎತ್ತಿಟ್ಟವಳು ಅಮ್ಮ, ಮೊಲ ಎಳೆದುಕೊಳ್ಳದಂತೆ ಸೊಪ್ಪಿನ ಬುಟ್ಟಿಯನ್ನು ಅಟ್ಟಕ್ಕೆ ಏರಿಸಿದವಳು ಹೆಂಡತಿ.

ಡಾಕ್ಟರಮ್ಮ ತಲೆ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ! ಮೊಲಕ್ಕೆ ವಾಂತಿ ಆಗಲ್ಲ, ಉಪವಾಸ ಬೇಕಿಲ್ಲ. ಹೊಟ್ಟೆ ಖಾಲಿ ಬಿಟ್ರೆ ಕರುಳೇ ನಿಂತೋಗುತ್ತೆ. ಕರ್ಕೊಂಡೋಗಿ ಚೆನ್ನಾಗಿ ತಿನ್ಸಿ. ಮುಂದಿನ ವಾರ ಬನ್ನಿ." ತಪ್ಪು ತಮ್ಮದೂ ಇದೆ, ಮೊದಲೇ ಬಿಡಿಸಿ ಹೇಳಬೇಕಿತ್ತು ಎಂದರು.

ಕ್ರೇಟಿನ ಸಮೇತ ವಾಪಸ್ ಬಂದೆ. ಊರಿಗೆ ಅಷ್ಟೇ ಬೇಕಿತ್ತು. "ನೋಡ್ದಾ, ದೇವ್ರೇ ವಾಪಸ್ ಕಳಿಸ್ದ" ಎಂದಳು ಅಮ್ಮ. ಡಾಕ್ಟರೇ ಬೇಡ ಅಂದರಂತೆ ಎಂದು ಭಾವ ಅಂಗಡಿಗೆ ಬಂದವರಿಗೆಲ್ಲ ಹೇಳಿದರು. ಹೆಂಡತಿಯೂ ಮೆತ್ತಗಾದಳು. "ಬಿಟ್ಬಿಡೋಣ ಕಣ್ರೀ. ಏನಾದ್ರೂ ಆಗೋದ್ರೆ ಇವರೆಲ್ಲರ ಬಾಯಿಗೆ ನೀವು ಸಿಕ್ಕಾಕೊಳ್ತೀರ."

ಆ ಮಾತೇ ನನ್ನನ್ನು ಕೆರಳಿಸಿದ್ದು. ಜನರ ಬಾಯಿಗೆ ಹೆದರಿ ಒಂದು ಜೀವದ ತೀರ್ಮಾನ ಮಾಡುವುದೇ?

ಆ ವಾರ ಮೊಲ ಮತ್ತೆ ಕೂದಲು ಕಿತ್ತಿತು. ಎದೆ ಬೋಳಾಗಿ ಕೆಂಪು ಚರ್ಮ ಕಾಣುತ್ತಿತ್ತು. ಮರಿಯಿಲ್ಲದ ಗೂಡನ್ನು ಕಾಯುತ್ತಾ, ಮುಟ್ಟಲು ಹೋದ ನನ್ನ ಹೆಬ್ಬೆರಳಿಗೆ ರಕ್ತ ಬರುವಂತೆ ಕಚ್ಚಿತು. ತಾಯಾಗುವ ಆಸೆ ಅಂತ ಅಮ್ಮ ಅನ್ನುತ್ತಿದ್ದಳು. ನನಗೆ ಆಸೆ ಕಾಣಲಿಲ್ಲ. ಬಿಡಿಸಿಕೊಳ್ಳಲಾಗದ ಕಾಟ ಕಂಡಿತು. ಬಿಡಿಸುವ ದಾರಿ ಗೊತ್ತಿದ್ದೂ ಸುಮ್ಮನಿರುವುದನ್ನು ನಾನು ಪುಣ್ಯ ಅನ್ನುವುದಿಲ್ಲ.

ಎರಡನೇ ಸಲ ಹೊಟ್ಟೆ ತುಂಬ ಹಿಪ್ಪುನೇರಳೆ ಸೊಪ್ಪು ತಿನ್ನಿಸಿ ಕರೆದೊಯ್ದೆ. ಆಪರೇಷನ್ ಆಯಿತು. ಮೊಲ ಕಣ್ಣು ಬಿಟ್ಟಿತು. ಡಾಕ್ಟರಮ್ಮ ಎಚ್ಚರಿಸಿಯೇ ಕಳಿಸಿದರು. "ಬಾಯಾಡಿಸ್ಬೇಕು, ಹಿಕ್ಕೆ ಹಾಕ್ಬೇಕು. ಅಲ್ಲೀವರೆಗೂ ಗೆದ್ವಿ ಅನ್ಕೋಬೇಡಿ."

ಸಂಜೆ ಅದು ಏನನ್ನೂ ಮುಟ್ಟಲಿಲ್ಲ. ಮಾರನೇ ಬೆಳಿಗ್ಗೆಯೂ ಬೆನ್ನು ಗೂನು ಮಾಡಿಕೊಂಡು ಮೂಲೆಯಲ್ಲಿ ಕೂತಿತ್ತು. ಆಕೆ ಕೊಟ್ಟಿದ್ದ ಔಷಧಿ, ಕಲಸಿದ ಆಹಾರ ಎರಡನ್ನೂ ಸಿರಿಂಜಿನಲ್ಲಿ ಬಾಯಿಗೆ ಬಿಟ್ಟೆ. ಅರ್ಧ ಹೊರಗೆ ಬಂತು. ಅಂಗಡಿ ತೆಗೆಯಲಿಲ್ಲ. ಮೋಟರ್ ತಂದ ಒಬ್ಬ ಮನೆ ಬಾಗಿಲಿಗೇ ಬಂದ.

"ಏನ್ ಗುರು, ಮೊಲದ ಬಾಣಂತನಾನಾ?"

"ಹೂಂ. ನಾಳೆ ಬಾ."

"ನನ್ನ ಬೆಳೆ ಒಣಗ್ತಾ ಐತೆ ಕಣಯ್ಯಾ!"

"ಬೇರೆ ಅಂಗಡಿಗೆ ಹೋಗು ಹಂಗಾದ್ರೆ."

ಅವನು ಬೈದುಕೊಂಡು ಹೋದ. ಮಧ್ಯಾಹ್ನದ ಹೊತ್ತಿಗೆ ಕೊತ್ತಂಬರಿ ಕಡ್ಡಿಯೊಂದನ್ನು ಅದರ ಮೂತಿಗೆ ಹಿಡಿದೆ. ಮೂಸಿತು. ಬಿಟ್ಟಿತು. ಮತ್ತೆ ಮೂಸಿ, ತುದಿಯಿಂದ ಒಳಗೆಳೆದುಕೊಂಡಿತು. ಸ್ವಲ್ಪ ಹೊತ್ತಿನಲ್ಲಿ ಗೋಣಿಯ ಮೇಲೆ ಹಿಕ್ಕೆಗಳು ಬಿದ್ದವು, ಮೆಣಸಿನ ಕಾಳಿನಷ್ಟು ಸಣ್ಣವು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ.

ಅಮ್ಮ ಬಾಗಿಲಲ್ಲೇ ನಿಂತು ನೋಡಿದಳು. "ಉಳೀತು, ಸರಿ. ಆದ್ರೂ ಪಾಪ ಪಾಪಾನೇ ಕಣೋ. ನಿನಗೇ ಸೇರಿದ್ದು."

"ಸೇರ್ಲಿ ಬಿಡಮ್ಮ. ಬೇರೆಯವರಿಗೆ ಹಂಚೋಕೆ ನಾನೂ ಹೋಗಲ್ಲ" ಎಂದು ಇನ್ನೊಂದು ಕಡ್ಡಿ ಮುರಿದೆ.