ಇಲ್ಲದ ಬೆರಳಿನ ನೋವು

ಅವರ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಇದ್ದವು. ನಡುವಿನ ಮೂರನ್ನು ಅಂತರಸನಹಳ್ಳಿಯ ಫ್ಯಾಕ್ಟರಿಯ ಪ್ರೆಸ್ ಮೆಷಿನ್ ತೆಗೆದುಕೊಂಡಿತ್ತು. ಉಳಿದೆರಡರಲ್ಲೇ ಕಾಫಿ ಲೋಟವನ್ನು ತೊಟ್ಟೂ ಚೆಲ್ಲದಂತೆ ಹಿಡಿಯುತ್ತಿದ್ದರು. ಶೆಟ್ಟಿಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು. ನಾನು ಮಾವ ಅನ್ನುತ್ತಿದ್ದೆ.

ತೊಂಬತ್ತರ ದಶಕದ ಕೊನೆ, ನಾನು ಒಂಬತ್ತನೇ ಕ್ಲಾಸು. ಮೈನೋವು ಶುರುವಾಗಿ ವರ್ಷವಾಗಿತ್ತು. ಇಂದು ಕತ್ತು, ನಾಳೆ ಸೊಂಟ, ಮೊಣಕಾಲು. ಎಷ್ಟು ಮಲಗಿದರೂ ಏಳುವಾಗ ಗದ್ದೆ ಕೆಲಸ ಮಾಡಿ ಬಂದಷ್ಟು ಸುಸ್ತು. ರಕ್ತಪರೀಕ್ಷೆ, ಎಕ್ಸ್‌ರೇ ಯಾವುದರಲ್ಲೂ ಏನೂ ಕಾಣಲಿಲ್ಲ. ಕುಣಿಗಲ್ ಕಡೆಯ ಒಬ್ಬರು ತಾಯಿತ ಕಟ್ಟಿದರು. ಸ್ಕೂಲಿನಲ್ಲಿ ನನಗೆ ನಾಟಕದ ರಾಣಿ ಎಂಬ ಹೆಸರು ಬಿತ್ತು. ಕೊನೆಗೆ ಅಮ್ಮನೂ ಅದನ್ನೇ ನಂಬಿದಳು.

ಒಂದು ಬೆಳಿಗ್ಗೆ ಸ್ಕೂಲಿಗೆ ಹೊರಡಿಸಲು ಅಮ್ಮ ತೋಳು ಹಿಡಿದು ಎಳೆದಾಗ ಕಿರುಚಿಕೊಂಡೆ. ಕಾಂಪೌಂಡಿನಾಚೆ ಹಲ್ಲುಜ್ಜುತ್ತಿದ್ದ ಮಾವ ಬಾಯಿ ತೊಳೆಯದೆ ಹಾಗೇ ಬಂದರು.

"ಬುಡವ್ವ, ಆ ಮಗೀನ ಕೈ ಬುಡು."

"ರಿಪೋರ್ಟ್‌ನಲ್ಲಿ ಏನೂ ಇಲ್ಲ ಕಣಣ್ಣ. ಸುಮ್ನೆ ಆಡ್ತಾಳೆ," ಅಂದಳು ಅಮ್ಮ.

ಮಾವ ಬಲಗೈ ಎತ್ತಿ ತೋರಿಸಿದರು. "ಈ ಬೆರಳುಗಳು ಹೋಗಿ ಏಳು ವರ್ಷ ಆಯ್ತು. ಈಗ್ಲೂ ಉಗುರು ಕಿತ್ತಂಗೆ ನೋಯ್ತವೆ. ಇಲ್ದಿರೋ ಬೆರಳಿಗೆ ಯಾವ ಎಕ್ಸ್‌ರೇ ತೆಗೆಸ್ತೀಯ? ನಾನೂ ಆಡ್ತಿದೀನಾ?"

ಅಮ್ಮ ಕೈ ಬಿಟ್ಟಳು.

ಅದೇ ವಾರ ಮಾವ ರಜೆ ಹಾಕಿ, ತಮ್ಮ ಕೈ ನೋಡುತ್ತಿದ್ದ ಡಾಕ್ಟರ ಬಳಿ ನಮ್ಮನ್ನು ಕರೆದೊಯ್ದರು. ಡಾಕ್ಟರು ಮೈಯನ್ನು ಅಲ್ಲಲ್ಲಿ ಮೆಲ್ಲಗೆ ಒತ್ತಿ ನೋಡಿ, ಫೈಬ್ರೊಮಯಾಲ್ಜಿಯ ಎಂದರು. "ನೋವು ಸುಳ್ಳಲ್ಲಮ್ಮ. ಸುಮ್ನೆ ಮುಟ್ಟಿದ್ರೂ ಇವಳ ಮಿದುಳು ಏಟು ಬಿತ್ತು ಅಂತಲೇ ತಿಳ್ಕೊಳ್ಳುತ್ತೆ. ಪೂರ್ತಿ ಹೋಗದೇ ಇರಬಹುದು. ಗದರಬೇಡಿ. ದಿನಾ ಸ್ವಲ್ಪ ನಡೆಸಿ."

ಅಮ್ಮ ಅಲ್ಲೇ ಅತ್ತುಬಿಟ್ಟಳು.

ನಡೆಸಿದವರು ಮಾವ. ಸಂಜೆ ಫ್ಯಾಕ್ಟರಿಯಿಂದ ಬಂದವರೇ ಗೇಟಿನಲ್ಲಿ ನಿಂತು ಕೂಗುತ್ತಿದ್ದರು. ಮೊದಲ ತಿಂಗಳು ಬೀದಿಯ ತುದಿಯವರೆಗೆ, ಆಮೇಲೆ ಬಸ್‌ಸ್ಟಾಪಿನವರೆಗೆ. ನೋವಿದೆಯಾ ಎಂದು ಒಮ್ಮೆಯೂ ಕೇಳಲಿಲ್ಲ.

"ಇವತ್ತು ಎಲ್ಲೈತವ್ವ?"

"ಭುಜದಲ್ಲಿ ಮಾವ."

"ನಂದು ಉಂಗುರದ ಬೆರಳಲ್ಲಿ. ನಡಿ, ನಾಲ್ಕೂ ಜನ ಹೋಗಣ." ನಮ್ಮಿಬ್ಬರ ಜೊತೆ ಎರಡು ನೋವನ್ನೂ ಅವರು ಲೆಕ್ಕಕ್ಕೆ ಹಿಡಿಯುತ್ತಿದ್ದರು.

ಹಾಗೆ ನಡೆದು ನಡೆದೇ ಎಸ್ಸೆಸ್ಸೆಲ್ಸಿ ಮುಗಿಸಿದೆ, ಮುಂದೆ ಓದಿದೆ, ಗುಬ್ಬಿಯಲ್ಲಿ ಟೀಚರಾದೆ. ನೋವು ತಗ್ಗಿತು, ಬಿಟ್ಟುಹೋಗಲಿಲ್ಲ.

ಒಂದು ಭಾನುವಾರ ಊರಿಗೆ ಬಂದವಳು ವಾಪಸು ಹೊರಟಿದ್ದೆ. ಮಾವ ಜಗಲಿಯ ಮೇಲೆ ಎಡಗೈ ನೀವಿಕೊಳ್ಳುತ್ತ ಕೂತಿದ್ದರು.

"ಎಲ್ಡು ದಿನದಿಂದ ಈ ಕೈ ಭುಜದ ತಂಕ ಸೆಳೀತೈತೆ ಕಣವ್ವ."

ನನಗೆ ಬಸ್ಸಿನ ಅವಸರ. "ಅದೂ ಮಿದುಳಿನ ಆಟಾನೇ ಬಿಡಿ ಮಾವ," ಎಂದು ನಕ್ಕೆ.

"ಇರ್ಬೋದು ಬುಡು," ಎಂದು ಅವರೂ ನಕ್ಕರು.

ಮಂಗಳವಾರ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು.

ನಾನು ಬಂದಾಗ ಮಾವನ ಹೆಂಡತಿ, ಅತ್ತೆ, ಗೋಡೆಗೊರಗಿ ಕೂತಿದ್ದರು. "ಆಸ್ಪತ್ರೆಗೆ ಹೋಗಣ ಅಂದೆ ಕಣೇ. ಏನಿಲ್ವಂತೆ, ಮಗೀಗೆ ಇದೆಲ್ಲ ಗೊತ್ತು ಅಂದ್ರು." ಆ ಮಾತಿನಲ್ಲಿ ಆಪಾದನೆ ಇರಲಿಲ್ಲ, ಆದದ್ದನ್ನು ಹೇಳುತ್ತಿದ್ದರು ಅಷ್ಟೆ. ನಾನು ಅವರ ಪಕ್ಕ ಕೂತೆ. ಅವರು ನನ್ನನ್ನು ತಬ್ಬಿಕೊಳ್ಳಲು ಬಂದವರು, ಭುಜಕ್ಕೆ ಕೈ ತಾಗುವ ಮೊದಲೇ ತಡೆದು, ಬರೀ ತಲೆ ಸವರಿದರು.

"ಅಲ್ಲಿ ಮುಟ್ಟಬ್ಯಾಡ, ಮಗೀಗೆ ನೋಯ್ತದೆ ಅಂತ ಹೇಳ್ತಿದ್ರು," ಎಂದರು.