ಊಟದ ಜೊತೆಗೆ ಒಂದು

ಗಂಡ ಏಳುವುದರೊಳಗೆ ಅವಳು ಮುಗಿಸಬೇಕಾದ ಕೆಲಸ ಇಷ್ಟು: ನಲ್ಲಿ ನಿಲ್ಲುವ ಮೊದಲು ಏಳು ಕೊಡ ನೀರು ತುಂಬುವುದು, ಮುಸುರೆ ತಿಕ್ಕುವುದು, ಗಂಡನ ಸ್ನಾನಕ್ಕೆ ನೀರು ಕಾಯಿಸುವುದು, ಅತ್ತೆಯ ಮಂಡಿಗೆ ಎಣ್ಣೆ ನೀವಿ ಕಾವು ಕೊಡುವುದು, ಗಂಡನ ಅಂಗಿಗೆ ಇಸ್ತ್ರಿ, ಗಂಡನ ಬುತ್ತಿ, ಆಮೇಲೆ ನೆಲ ಒರೆಸುವುದು. ಇಷ್ಟನ್ನೂ ಅವಳು ಒಂದೇ ಕೈಯಲ್ಲಿ ಮಾಡುತ್ತಿದ್ದಳು. ಇನ್ನೊಂದು ಕೈ ಗೋಡೆ ಹಿಡಿದಿರುತ್ತಿತ್ತು.

ಮಲಗುವಾಗ ಬರಿ ಹೊಟ್ಟೆಯಲ್ಲಿ ನುಂಗುವ ಎಚ್‌ಐವಿ ಮಾತ್ರೆಯ ಅಮಲು ಅದು. ಎದ್ದರೆ ನೆಲ ದೋಣಿಯ ಹಾಗೆ ತೂಗುತ್ತಿತ್ತು. ಗಂಡನೂ ಅದೇ ಮಾತ್ರೆ ನುಂಗುತ್ತಿದ್ದ. ಅವನು ಎಂಟರವರೆಗೆ ಮಲಗಿರುತ್ತಿದ್ದುದರಿಂದ ಅಮಲು ಅವನನ್ನು ಅಷ್ಟಾಗಿ ಕಾಡಿರಲಿಲ್ಲ.

ದರ್ಜಿ ಅಂಗಡಿಯಲ್ಲಿ ಗಂಡ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್. ಇವಳು ಗುಂಡಿ ತೂತು ಹೊಲಿಯುವ ಕಾಜಾ ಯಂತ್ರದ ಮುಂದೆ. ಎಲ್ಲರಿಗೂ ಕಾಜಾ ಅಕ್ಕ. ಆಸ್ಪತ್ರೆಯಲ್ಲಿ ಗಂಡನ ಫೈಲಿನ ಮೇಲಿನ ತಾರೀಖು ಅವರ ಮದುವೆಗಿಂತ ಒಂದು ವರ್ಷ ಹಳೆಯದು. ಅತ್ತೆಗೂ ಅದು ಗೊತ್ತಿತ್ತು. ಆದರೂ ಮೊಳೆಯಿಂದ ಅಂಚಿಗೆ ಗೀರಿ ಗುರುತು ಮಾಡಿದ ತಟ್ಟೆ ಮಾತ್ರ ಸೊಸೆಯದು. ಮಗನ ತಟ್ಟೆ ಎಲ್ಲರ ತಟ್ಟೆಗಳ ಜೊತೆಗೇ ಇರುತ್ತಿತ್ತು.

ಒಂದು ಬೆಳಿಗ್ಗೆ ಕಣ್ಣು ಕತ್ತಲಿಟ್ಟು ಯಂತ್ರದ ಅಲಗು ಅವಳ ಬೆರಳಿನ ಮೇಲೇ ಇಳಿಯಿತು.

“ಏನಕ್ಕಾ, ಬೆರಳಿಗೂ ಗುಂಡಿ ಹಾಕ್ಕೋಬೇಕಂತಾ?” ಎಂದು ಕೈಹೊಲಿಗೆಯವಳು ನಕ್ಕಳು. ರಕ್ತ ಕಂಡದ್ದೇ ಸ್ಟೂಲು ಎಳೆದುಕೊಂಡು ದೂರ ಸರಿದಳು.

ಗಂಡ ಕತ್ತರಿ ಕೆಳಗಿಡದೆ ಕೂಗಿದ. “ಬಟ್ಟೆ ಮೇಲೆ ಬೀಳಿಸ್ಬೇಡ್ವೇ! ಗಿರಾಕಿ ಮಾಲು.”

ಆ ವಾರವೇ ಅವಳು ಆಸ್ಪತ್ರೆಯಲ್ಲಿ ಬಾಯಿ ಬಿಟ್ಟಳು. ಡಾಕ್ಟರಮ್ಮ ಎರಡು ಡಬ್ಬಿ ಮೇಜಿನ ಮೇಲಿಟ್ಟರು.

“ಎರಡರಲ್ಲೂ ಮೂರು ಮೂರು ಔಷಧಿ ಸೇರಿದೆ. ಇದು ನೀನು ನುಂಗ್ತಿರೋದು. ವೈರಸ್ಸನ್ನ ಹಿಡಿದಿಟ್ಟಿದೆ, ಆದ್ರೆ ತಲೆ ತಿರುಗಿಸುತ್ತೆ. ಇದು ಬೇರೆ ಜೋಡಣೆ. ತಲೆ ಅಷ್ಟು ತಿರುಗಲ್ಲ. ಆದ್ರೆ ದಿನಾ ಒಂದೇ ಹೊತ್ತಿಗೆ, ಊಟದ ಜೊತೆಗೇ ನುಂಗ್ಬೇಕು. ಟೀ-ಬನ್ನು ಆಗಲ್ಲ. ತಟ್ಟೆ ತುಂಬ ಊಟ. ಹೊಟ್ಟೆ ಖಾಲಿ ಇದ್ರೆ ಔಷಧಿ ಮೈಗೆ ಹಿಡಿಯಲ್ಲ, ವೈರಸ್ಸು ಅದನ್ನ ಎದುರಿಸೋದು ಕಲಿಯುತ್ತೆ. ಆಮೇಲೆ ಆ ಮಾತ್ರೆ ಇದ್ದೂ ಇಲ್ಲದ ಹಾಗೆ. ಹೇಳು, ದಿನಾ ತಟ್ಟೆ ತುಂಬ ಉಣ್ತೀಯಾ?”

ಅವಳು ಯೋಚಿಸಿದಳು. ಇಂಥ ಪ್ರಶ್ನೆಯನ್ನು ಅವಳಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ.

ಪಕ್ಕದಲ್ಲಿದ್ದ ಗಂಡ ನಕ್ಕ. “ಅಡುಗೆಮನೇಲೇ ಬಿದ್ದಿರ್ತಾಳೆ ಡಾಕ್ಟ್ರೇ, ಉಣ್ದೇ ಇರ್ತಾಳಾ? ನನಗೂ ಅದನ್ನೇ ಕೊಡಿ.”

ಹೊಸ ಡಬ್ಬಿಗಳು ಮನೆಗೆ ಬಂದವು. ರಾತ್ರಿ ಎಂಟಕ್ಕೆ ಮಾತ್ರೆ ಎಂದು ನಿಗದಿಯಾಯಿತು. ಎಂಟು ಹೊಡೆಯುವ ಮೊದಲೇ ಅತ್ತೆ ಮಗನ ಮುಂದೆ ಕೂತು ಬಡಿಸತೊಡಗಿದರು. “ಇನ್ನೊಂದು ಸೌಟು ಹಾಕ್ಕೋ ಕಂದಾ, ಮಾತ್ರೆ ಮೈಗೆ ಉಷ್ಣ ಆಗುತ್ತೆ.” ಅಕ್ಕಿಯ ಡಬ್ಬಕ್ಕೆ ಬೀಗ, ಬೀಗದ ಕೈ ಅತ್ತೆಯ ಸೊಂಟದಲ್ಲಿ. ಹೊತ್ತಿಗೆ ಎರಡು ಪುಟ್ಟ ಲೋಟ ಅಕ್ಕಿ ಅಳೆದು ಕೊಡುವುದು ಅವರ ಪದ್ಧತಿ. ಎರಡು ಲೋಟವೆಂದರೆ ಮಗನಿಗೆ ಹೊಟ್ಟೆ ತುಂಬ, ತಾಯಿಗೆ ಸಾಕಷ್ಟು. ಸೊಸೆಗೆ ಪಾತ್ರೆಯ ತಳ.

ಒಂದು ದಿನ ಅವಳು, “ಅತ್ತೆ, ಇನ್ನೊಂದು ಲೋಟ ಹಾಕ್ಲಾ? ಡಾಕ್ಟರಮ್ಮ ಹೇಳಿದಾರೆ” ಎಂದು ಕೇಳಿದಳು.

“ಡಾಕ್ಟರಮ್ಮನ ಮನೇಲಿ ಹೋಗಿ ಉಣ್ಣು. ನನ್ನ ಮಗನ ಮೈ ತಿಂದಿದ್ದು ಸಾಲದೇನೇ?”

ಗಂಡ ಬೆರಳು ನೆಕ್ಕುತ್ತಿದ್ದ. ಅವಳು ಗುರುತಿನ ತಟ್ಟೆಯಲ್ಲಿ ಸೀದ ಅನ್ನಕ್ಕೆ ನೀರು ಬೆರೆಸಿ, ನಿಂತೇ ನಾಲ್ಕು ತುತ್ತು ನುಂಗಿ, ಮೇಲೆ ಮಾತ್ರೆ ನುಂಗಿದಳು. ತಲೆ ತಿರುಗುವುದು ನಿಂತಿತ್ತು. ಎರಡು ಕೈಯೂ ಬಿಡುವಾದವೆಂದು ಅತ್ತೆ ಕೆಲಸದ ಪಟ್ಟಿಗೆ ಹಾಸಿಗೆ ಬಟ್ಟೆ ಒಗೆಯುವುದನ್ನೂ ಸೇರಿಸಿದರು.

ಮೂರು ತಿಂಗಳಾದ ಮೇಲೆ ಇಬ್ಬರ ರಕ್ತ ಪರೀಕ್ಷೆ ಆಯಿತು. ಫಲಿತಾಂಶಕ್ಕೆ ಅವಳೊಬ್ಬಳೇ ಹೋದಳು. ಗಂಡನ ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಅವಳದ್ದರಲ್ಲಿ ತಲೆ ಎತ್ತಿತ್ತು.

“ಒಂದೇ ಮಾತ್ರೆ, ಒಂದೇ ಮನೆ,” ಎಂದರು ಡಾಕ್ಟರಮ್ಮ. “ನೀನು ಊಟ ಮಾಡ್ತಿಲ್ಲ ಅಲ್ವಾ?”

ಅವಳು ಬೆರಳ ತುದಿಯ ಗಾಯದ ಗುರುತನ್ನು ಉಜ್ಜಿಕೊಂಡಳು.

“ಇನ್ನೂ ಕೈ ಮೀರಿಲ್ಲ. ಹಳೇದು ಬೇಕಾದ್ರೆ ಕೊಡ್ತೀನಿ, ಅದಕ್ಕೆ ಊಟ ಬೇಡ. ಹೊಸದು ಅಂದ್ರೆ ಇವತ್ತಿಂದಲೇ ತಟ್ಟೆ ತುಂಬಬೇಕು. ಮುಂದಿನ ತಿಂಗಳು ಮತ್ತೆ ರಕ್ತ ನೋಡ್ತೀನಿ. ಆಗಲೂ ಏರಿದ್ರೆ ಇದು ನಿನ್ನ ಪಾಲಿಗೆ ಮುಗೀತು. ಯಾವುದು ಕೊಡ್ಲಿ?”

ಹಳೆಯ ಡಬ್ಬಿ ಹಿಡಿದು ಹೋದರೆ ಮನೆಯಲ್ಲಿ ಯಾರಿಗೂ ಏನೂ ತೊಂದರೆ ಇರಲಿಲ್ಲ. ಗೋಡೆ ಹೇಗೂ ಇದ್ದಲ್ಲೇ ಇತ್ತು.

“ಹೊಸದು,” ಎಂದಳು.

ಸಂಜೆ ಅತ್ತೆ ಎರಡು ಲೋಟ ಅಕ್ಕಿ ಅಳೆದು ಕೊಟ್ಟು ಬೀಗ ಹಾಕಿದರು. ಅನ್ನವಾಯಿತು, ಬೇಳೆ ಬೆಂದಿತು, ಪಲ್ಯವಾಯಿತು. ಗಂಡ ಕೈಕಾಲು ತೊಳೆಯಲು ಹೋಗಿದ್ದ, ಅತ್ತೆ ಹೊರಗಿನ ಕೋಣೆಯಲ್ಲಿ ಟಿವಿ ಮುಂದಿದ್ದರು. ಗೋಡೆ ಗಡಿಯಾರದಲ್ಲಿ ಎಂಟಕ್ಕೆ ಹತ್ತು ನಿಮಿಷ ಇತ್ತು.

ಅವಳು ಗುರುತಿನ ತಟ್ಟೆ ಎತ್ತಿ ನೋಡಿ ಅದನ್ನು ಬದಿಗಿಟ್ಟಳು. ಗಂಡನ ಅಗಲ ತಟ್ಟೆ ತೆಗೆದಳು. ಮೂರು ಸೌಟು ಅನ್ನ, ಮೇಲೆ ಬೇಳೆ, ಪಕ್ಕದಲ್ಲಿ ಪಲ್ಯ. ಪಾತ್ರೆಗೆ ಇಣುಕಿದಳು. ಉಳಿದದ್ದು ಒಬ್ಬರಿಗೆ ಅರ್ಧ ಊಟ. ಅರ್ಧ ಊಟದ ಮೇಲೆ ನುಂಗಿದ ಮಾತ್ರೆ ಏನು ಮಾಡುತ್ತದೆ ಎಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಸೌಟು ಒಂದು ಗಳಿಗೆ ಪಾತ್ರೆಯ ಮೇಲೆ ತಡೆಯಿತು. ಆಮೇಲೆ ಅವಳು ನಾಲ್ಕನೆಯ ಸೌಟೂ ಹಾಕಿಕೊಂಡಳು.

ಅಡುಗೆಮನೆಯ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ ಕೂತಳು. ಆ ಮನೆಗೆ ಬಂದ ಮೇಲೆ ಕೂತು ಉಣ್ಣುತ್ತಿದ್ದುದು ಅದೇ ಮೊದಲು.

“ಏನೇ, ಬಾಗಿಲು ಯಾಕೆ ಹಾಕಿದೀಯ? ಮಾತ್ರೆ ಹೊತ್ತಾಯ್ತು, ಬಡಿಸು!” ಎಂದು ಗಂಡ ಹೊರಗಿನಿಂದ ತಳ್ಳಿದ.

“ಏನು ಬಂದಿದೆಯೇ ನಿನಗೆ?” ಅತ್ತೆ ಎದ್ದು ಬಂದರು. ಸೊಂಟದ ಬೀಗದ ಕೈ ಸದ್ದು ಮಾಡಿತು.

ಅವಳ ಬಾಯಿ ತುಂಬ ಅನ್ನವಿತ್ತು. ಬಾಗಿಲು ಬೆನ್ನಿಗೆ ಬಡಿಯುತ್ತಲೇ ಇತ್ತು. ಅವಳು ಅವಸರ ಮಾಡದೆ ಅಗಿದಳು, ತಟ್ಟೆಯನ್ನು ಬೆರಳಿನಿಂದ ಬಳಿದಳು, ಎಂಟು ಹೊಡೆದಾಗ ಮಾತ್ರೆ ನುಂಗಿದಳು.